ಉಚಿತ ದುರಸ್ತಿಯ ಬೆಲೆ

(ಬಾನುಲಿ ಭಾಷಣ)

‘ಉಚಿತ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ತಕ್ಕದ್ದು, ಒಪ್ಪುವಂಥದು, ಯೋಗ್ಯವಾದದ್ದು ಎಂದು ಅರ್ಥ. ಕಾವ್ಯಮೀಮಾಂಸೆಯಲ್ಲಿ ನಾವು ಗೌರವದಿಂದ ಉಚ್ಚರಿಸುವ ‘ಔಚಿತ್ಯ’ ಹುಟ್ಟಿದ್ದು ಆ ಶಬ್ದದಿಂದಲೇ. 11ನೆಯ ಶತಮಾನದ ಕ್ಷೇಮೇಂದ್ರ ಅದೊಂದನ್ನೇ ಕುರಿತು ಗ್ರಂಥ ಬರೆದ. ಕನ್ನಡಕ್ಕೆ ಬಂದಮೇಲೆ ಈ ಶಬ್ದ ತನ್ನ ಹಳೆಯ ಅರ್ಥವನ್ನು ಬಿಟ್ಟುಕೊಡದೆ, ಅದರ ಪಕ್ಕದಲ್ಲಿ ‘ಹಣ ಕೊಡಬೇಕಾಗಿಲ್ಲದ್ದು’ ಎಂಬ ಇನ್ನೊಂದು ಅರ್ಥವನ್ನೂ ಕೂರಿಸಿಕೊಂಡಿತು. ಹೀಗಾಗಿ ಕನ್ನಡಿಗನಾದವನು ‘ಈ ಉಚಿತ ಸೇವೆ ಉಚಿತವೇ?’ ಎಂದು ಕೇಳಬಹುದು. ಪ್ರಶ್ನೆಗೆ ಅರ್ಥವೂ ಇರುತ್ತದೆ. ಇಂದಿನ ನನ್ನ ಮಾತು ಆ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ವಿಷಯ ಮಕ್ಕಳ ಆಟದ ಯಂತ್ರಗಳದು. ದೂರದರ್ಶನದ ಪರದೆಗೆ ಜೋಡಿಸಿ ಆಡುವ ಪೆಟ್ಟಿಗೆಗಳು, ಅವನ್ನು ನಡೆಸಲು ಎರಡು ಕೈಯಲ್ಲಿ ಹಿಡಿಯುವ ಕಂಟ್ರೋಲರುಗಳು ಈಗ ಸಣ್ಣ ಊರುಗಳ ಮನೆಗಳಿಗೂ ಬಂದಿವೆ. ಅವು ಕೆಡುತ್ತವೆ. ಕೆಟ್ಟಾಗ ‘ವಾರಂಟಿ ಇದೆಯಲ್ಲ, ಉಚಿತವಾಗಿ ರಿಪೇರಿ ಮಾಡಿಕೊಡುತ್ತಾರೆ’ ಎಂಬ ಸಮಾಧಾನದ ಮಾತು ಕೇಳಿಬರುತ್ತದೆ. ಆ ಸಮಾಧಾನಕ್ಕೆ ಯಾರು ಯಾರು ಎಷ್ಟೆಷ್ಟು ತೆರುತ್ತಾರೆ ಎಂಬ ಲೆಕ್ಕವನ್ನು ಬಿಡಿಸಿ ನೋಡೋಣ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಇದು ಮೊದಲಿನಿಂದ ಕೊನೆಯವರೆಗೂ ಶಬ್ದಗಳ ವ್ಯವಹಾರವೇ ಆಗಿದೆ.

ಮೊದಲು ‘ವಾರಂಟಿ’ಯನ್ನೇ ತೆಗೆದುಕೊಳ್ಳಿ. ವಾರಂಟಿ ಬೇರೆ, ಗ್ಯಾರಂಟಿ ಬೇರೆ ಎಂದು ಅಂಗಡಿಯವರು ನಮಗೆ ತಿಳಿಹೇಳುವುದುಂಟು. ಮೂಲದಲ್ಲಿ ಇವೆರಡೂ ಒಂದೇ ಶಬ್ದ. ಉತ್ತರ ಫ್ರಾನ್ಸಿನ ನಾರ್ಮನ್ನರ ಬಾಯಲ್ಲಿ ‘ವ’ಕಾರವಾಗಿದ್ದದ್ದು ಪ್ಯಾರಿಸಿನವರ ಬಾಯಲ್ಲಿ ‘ಗ’ಕಾರವಾಯಿತು, ಇಂಗ್ಲಿಷರು ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಎರವಲು ಪಡೆದು ಎರಡು ಅರ್ಥ ಕೊಟ್ಟುಕೊಂಡರು. ನಮ್ಮ ನ್ಯಾಯಾಲಯಗಳ ‘ಜಾಮೀನು’, ವ್ಯವಹಾರದ ‘ಖಾತರಿ’ ಎರಡೂ ಅರಬ್ಬಿಯ ಮೂಲದವು. ‘ಖಾತರಿ’ಯ ಬೇರಿನಲ್ಲಿ ‘ಮನಸ್ಸು’ ಎಂಬ ಅರ್ಥವಿದೆಯೆಂಬುದು ಗಮನಿಸತಕ್ಕದ್ದು. ಇವೆಲ್ಲಕ್ಕೂ ಮೊದಲಿನಿಂದ ನಮ್ಮಲ್ಲಿ ಇದ್ದದ್ದು ‘ಹೊಣೆ’, ಹಳಗನ್ನಡದ ‘ಪೊಣೆ’. ಹೊಣೆ ಎಂದರೆ ಒಬ್ಬ ಮನುಷ್ಯ ಎದ್ದು ನಿಲ್ಲಬೇಕು. ಕಾಗದವೊಂದು ತಾನಾಗಿ ಹೊಣೆ ನಿಲ್ಲಲಾರದು. ಈಗಿನ ವಾರಂಟಿ ಪತ್ರವನ್ನು ಓದಿ ನೋಡಿದರೆ, ಯಾವುದಕ್ಕೆ ತಾನು ಹೊಣೆಯಲ್ಲ ಎಂಬುದನ್ನು ಹೇಳಲು ಅದು ಬಳಸುವ ಸಾಲುಗಳೇ ಹೆಚ್ಚು.

ಕಾನೂನಿನ ಭಾಷೆಯಲ್ಲಂತೂ ಈ ಶಬ್ದದ ಸ್ಥಾನ ನಾವೆಣಿಸಿದ್ದಕ್ಕಿಂತ ಕೆಳಗೆ. ನಮ್ಮ ದೇಶದ 1930ರ ಸರಕು ಮಾರಾಟ ಕಾಯಿದೆ ಮಾರುವವನ ಮಾತುಗಳನ್ನು ಎರಡಾಗಿ ವಿಂಗಡಿಸುತ್ತದೆ. ವ್ಯವಹಾರದ ಜೀವಾಳವಾದ ಮಾತು ‘ಷರತ್ತು’. ಅದು ತಪ್ಪಿದರೆ ಕೊಂಡವನು ವಸ್ತುವನ್ನೇ ನಿರಾಕರಿಸಬಹುದು. ಮುಖ್ಯೋದ್ದೇಶಕ್ಕೆ ಪಕ್ಕದಲ್ಲಿ ನಿಂತ ಮಾತು ‘ವಾರಂಟಿ’. ಅದು ತಪ್ಪಿದರೆ ನಷ್ಟ ಪರಿಹಾರ ಕೇಳಬಹುದು, ವಸ್ತುವನ್ನು ಹಿಂದಕ್ಕೆಸೆಯುವಂತಿಲ್ಲ. ಜಾಹೀರಾತಿನಲ್ಲಿ ಕಿರೀಟ ತೊಟ್ಟು ಕುಳಿತಿರುವ ಶಬ್ದ ಶಾಸನದಲ್ಲಿ ಎರಡನೆಯ ಪಂಕ್ತಿಯದು.

ಇನ್ನು ಯಂತ್ರ ಕೆಡುವ ಬಗೆ. ಕಂಟ್ರೋಲರಿನ ಮೇಲೆ ಹೆಬ್ಬೆರಳಿನಿಂದ ಆಡಿಸುವ ಅಣಬೆಯಾಕಾರದ ಎರಡು ಪುಟ್ಟ ಸನ್ನೆಕೋಲುಗಳಿರುತ್ತವೆ. ಸಾಮಾನ್ಯವಾಗಿ ಪ್ರತಿಯೊಂದರ ಅಡಿಯಲ್ಲೂ ಇಂಗಾಲದ ಲೇಪವುಳ್ಳ ಎರಡು ಪಟ್ಟಿಗಳಿದ್ದು, ಅವುಗಳ ಮೇಲೆ ಲೋಹದ ಸಣ್ಣ ನಾಲಗೆ ಜಾರುತ್ತದೆ. ನಾಲಗೆ ನಿಂತ ಜಾಗಕ್ಕೆ ತಕ್ಕಂತೆ ವಿದ್ಯುತ್ತಿನ ಒತ್ತಡ ಬದಲಾಗುತ್ತದೆ. ಅದನ್ನು ಓದಿಕೊಂಡು ಯಂತ್ರವು ಪರದೆಯ ಮೇಲಿನ ಬೊಂಬೆಯನ್ನು ನಡೆಸುತ್ತದೆ. ಹಳೆಯ ರೇಡಿಯೋಗಳಲ್ಲಿ ಧ್ವನಿ ಏರಿಸಿ ಇಳಿಸುವ ಗುಂಡಿಯೊಳಗೂ ಇದೇ ಏರ್ಪಾಡು. ಆ ಗುಂಡಿ ಸವೆದಾಗ ಕರಕರ ಸದ್ದು ಬರುತ್ತಿದ್ದದ್ದು ನನ್ನ ವಯಸ್ಸಿನ ಕೇಳುಗರಿಗೆ ನೆನಪಿರುತ್ತದೆ. ಆಟದ ಯಂತ್ರದಲ್ಲಿ ಪಟ್ಟಿ ಸವೆದರೆ ಸದ್ದು ಬರುವುದಿಲ್ಲ. ಯಾರೂ ಮುಟ್ಟದಿದ್ದರೂ ಬೊಂಬೆ ತನ್ನಷ್ಟಕ್ಕೆ ನಡೆಯತೊಡಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು ‘ಡ್ರಿಫ್ಟ್’ ಎನ್ನುತ್ತಾರೆ. ನಾವು ‘ತೇಲಾಟ’ ಎನ್ನಬಹುದು. ಒಂದನ್ನೊಂದು ತಾಗದೆ ಅಯಸ್ಕಾಂತದ ಬಲದಿಂದ ಕೆಲಸ ಮಾಡುವ ಸಂವೇದಕಗಳು ಇಲ್ಲದಿಲ್ಲ. 1998ರಲ್ಲಿ ಬಂದ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಯಂತ್ರದ ಕಂಟ್ರೋಲರಿನಲ್ಲೇ ಅವಿದ್ದವು.

ಈ ತೇಲಾಟದಲ್ಲಿ ಎರಡು ತೊಡಕುಗಳಿವೆ. ಸವೆತದಿಂದ ಬಂದದ್ದಾದ್ದರಿಂದ ಅದು ‘ದೋಷ’ವೋ ‘ಸಹಜ ಸವಕಳಿ’ಯೋ ಎಂಬ ತರ್ಕಕ್ಕೆ ಎಡೆ ಉಂಟು, ಸಹಜ ಸವಕಳಿಗೆ ವಾರಂಟಿ ಇಲ್ಲವೆಂದು ಪತ್ರಗಳು ಸಾಮಾನ್ಯವಾಗಿ ಹೇಳುತ್ತವೆ. ಎರಡನೆಯದು, ಅದು ಬಂದುಹೋಗುವ ಕಾಯಿಲೆ. ವೈದ್ಯರ ಮುಂದೆ ಕುಳಿತೊಡನೆ ಇಳಿದುಹೋಗುವ ಮಕ್ಕಳ ಜ್ವರವಿದ್ದಂತೆ, ಸೇವಾಕೇಂದ್ರದ ಮೇಜಿನ ಮೇಲೆ ಹತ್ತು ನಿಮಿಷ ನೆಟ್ಟಗೆ ಇದ್ದುಬಿಟ್ಟರೆ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ಹಿಂದಿರುಗುತ್ತದೆ.

ಅಂಥ ಒಂದು ಚೀಟಿ ನಮ್ಮ ಮನೆಗೂ ಬಂತು. ಸಾಗರದಲ್ಲಿ ನಮ್ಮ ವಾಸ. ಸೇವಾಕೇಂದ್ರ ಇರುವುದು ಬೆಂಗಳೂರಿನಲ್ಲಿ. ಮಗಳ ಮಗನ ಕಂಟ್ರೋಲರಿಗೆ ಕೊಟ್ಟದ್ದು ಸುಮಾರು 6,000 ರೂಪಾಯಿ, ವಾರಂಟಿ ಒಂದು ವರ್ಷ. ಏಳನೆಯ ತಿಂಗಳಲ್ಲಿ, ಬೇಸಗೆ ರಜೆ ಹತ್ತಿರವಾದಾಗ, ಹುಡುಗ ಬಂದು ‘ಅಜ್ಜ, ನಾ ಮುಟ್ಟದೆ ಇದ್ರೂ ಅವನು ಹೊಳೆ ಕಡೆಗೇ ಹೋಗ್ತಾನೆ’ ಎಂದ. ಆಟದಲ್ಲಿ ಹೊಳೆಗೆ ಬಿದ್ದರೆ ಸಾವೆಂದು ಆಮೇಲೆ ತಿಳಿಯಿತು. ಪತ್ರದ ಪ್ರಕಾರ ದುರಸ್ತಿ ಉಚಿತ. ಸೇವಾಕೇಂದ್ರಕ್ಕೆ ತಲುಪಿಸುವ ಭಾರ ಮಾತ್ರ ಗಿರಾಕಿಯದು. ಒಳಗೆ ಬ್ಯಾಟರಿ ಇದೆಯೆಂದು ನಮ್ಮ ಊರಿನ ಕೊರಿಯರಿನವರು ಪೊಟ್ಟಣವನ್ನು ಒಪ್ಪಲಿಲ್ಲ. ಕೆಟ್ಟ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಸಾಗಿಸಬಾರದೆಂಬ ನಿಯಮ ಇದೆ. ನಮ್ಮಲ್ಲಿ ಕೆಟ್ಟದ್ದು ಬ್ಯಾಟರಿಯಲ್ಲ ಎಂದು ವಾದಿಸಿ ಪ್ರಯೋಜನವಾಗಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಕಳುಹಿಸಿದೆವು. 31 ದಿನದ ಮೇಲೆ ಚೀಟಿಯೊಡನೆ ಅದು ಹಿಂದಿರುಗಿತು. ಹೊಳೆಗೆ ಬೀಳುವ ದೃಶ್ಯವನ್ನು ಫೋನಿನಲ್ಲಿ ಚಿತ್ರೀಕರಿಸಿ, ಎರಡನೆಯ ಬಾರಿ ಶಿವಮೊಗ್ಗಕ್ಕೆ ಹೋಗಿ ಕಳುಹಿಸಿದೆವು. 26 ದಿನಗಳ ಬಳಿಕ ಬದಲಿ ಕಂಟ್ರೋಲರು ಬಂತು.

ಹಳೆಯ ಅಭ್ಯಾಸದಂತೆ ನಾನು ಇದರ ಲೆಕ್ಕ ಬರೆದಿಟ್ಟೆ. ಕೊರಿಯರಿಗೆ 760, ಬಸ್ಸಿಗೆ 360, ಪೆಟ್ಟಿಗೆ ಕಟ್ಟುವ ಸಾಮಗ್ರಿಗೆ 120, ನೆರಳಚ್ಚಿಗೆ 20. ಒಟ್ಟು 1,260 ರೂಪಾಯಿ. ವಸ್ತುವಿನ ಬೆಲೆಯ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಆಯಿತು. ಬೆಂಗಳೂರಿನ ಅದೇ ಬೀದಿಯಲ್ಲಿ ವಾಸಿಸುವವನಿಗೆ ಇದೇ ಪತ್ರದ ಮೇಲೆ ಖರ್ಚಾಗುವುದು ಬಹುಶಃ ಆಟೋದ ಬಾಡಿಗೆ. ಪತ್ರ ಒಂದೇ, ಅಕ್ಷರಗಳೂ ಒಂದೇ. ಆದರೆ ದೂರ ಹೆಚ್ಚಿದಂತೆ ಅದರ ಮೌಲ್ಯ ಕಡಿಮೆಯಾಗುತ್ತ ಹೋಗುತ್ತದೆ. ಕಂಟ್ರೋಲರು ಅವರ ಕೈಯಲ್ಲಿದ್ದ 57 ದಿನಗಳೂ ನಮ್ಮ ವಾರಂಟಿಯ ವರ್ಷದಲ್ಲೇ ಜಮೆಯಾದವು. ಹುಡುಗನ ರಜೆಯ ವಿಷಯ ಹೇಳುವುದಾದರೆ, ಬದಲಿ ಬರುವ ಹೊತ್ತಿಗೆ ಮಳೆ ಹಿಡಿದು ಶಾಲೆ ತೆರೆದಿತ್ತು. ಇದಕ್ಕೆ ನನ್ನ ಪುಸ್ತಕದಲ್ಲಿ ಯಾವ ಅಂಕಿಯನ್ನೂ ಹಾಕಲಾಗಲಿಲ್ಲ.

ನೆರೆಯವರೊಬ್ಬರು ಆಗಲೇ ಹೇಳಿದ್ದರು: ‘ಯಾಕೆ ಮೇಷ್ಟ್ರೇ ಈ ಓಡಾಟ? 1,500 ಕೊಟ್ಟರೆ ಬೇರೆ ಕಂಪನಿಯದು ಬರ್ತದೆ.’ ಅವರ ಮಾತಿನಲ್ಲಿ ವ್ಯವಹಾರಜ್ಞಾನವಿತ್ತು. ಬಹಳ ಮಂದಿ ಹಾಗೆಯೇ ಮಾಡುತ್ತಾರೆ. ಕೇಳುವ ಶ್ರಮ ಕೇಳಿದ್ದರ ಬೆಲೆಗೆ ಸಮೀಪಿಸಿದಾಗ ಮನುಷ್ಯ ಕೇಳುವುದನ್ನು ಬಿಡುತ್ತಾನೆ. ಕೊಟ್ಟ ಮಾತು ಹಾಗೆಯೇ ಇರುತ್ತದೆ. ನಡೆಸಿಕೊಡೆಂದು ಯಾರೂ ಬಾರದ್ದರಿಂದ ಕೊಟ್ಟವನಿಗೆ ಖರ್ಚೂ ಇರುವುದಿಲ್ಲ.

ಸಾಗಣೆಯ ಖರ್ಚು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ, ಅದನ್ನು ಒಬ್ಬನೇ ಹೊತ್ತ ಸಂದರ್ಭವನ್ನು ನೋಡಬೇಕು. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ 2005ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಸ್ವಲ್ಪ ಕಾಲದಲ್ಲೇ ಅದರ ಮುಂಭಾಗದ ಗುಂಡಿಯ ಸುತ್ತ ಮೂರು ಕೆಂಪು ದೀಪಗಳು ಮಿನುಗಿ ಯಂತ್ರ ಸ್ತಬ್ಧವಾಗುವ ದೂರುಗಳು ಬರಲಾರಂಭಿಸಿದವು. ಆಡುವಾಗ ಒಳಗಿನ ಚಿಪ್ಪು ಕಾದು ಹಿಗ್ಗುತ್ತದೆ, ಆರಿಸಿದಾಗ ತಣಿದು ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳು ನೂರಾರು ಸಲ ನಡೆದಾಗ ಚಿಪ್ಪನ್ನು ಅದರ ಪೀಠಕ್ಕೆ ಹಿಡಿದಿದ್ದ ಸೂಕ್ಷ್ಮವಾದ ಬೆಸುಗೆಗಳು ಬಿರಿಯುತ್ತಿದ್ದವು. ಆಟಗಾರರು ಅದಕ್ಕೆ ‘ಸಾವಿನ ಕೆಂಪು ಉಂಗುರ’ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಮೊದಲು ಈ ಯಂತ್ರಕ್ಕಿದ್ದ ವಾರಂಟಿ 90 ದಿನ. 2006ರ ಕೊನೆಗೆ ಅದು ಒಂದು ವರ್ಷವಾಯಿತು. 2007ರ ಜುಲೈನಲ್ಲಿ ಕಂಪನಿಯು ಈ ದೋಷಕ್ಕೆ ಮೂರು ವರ್ಷದ ವಾರಂಟಿಯನ್ನು ಘೋಷಿಸಿ, ಅದಕ್ಕೆ ಮೊದಲೇ ಕೈಯಿಂದ ಹಣ ಕೊಟ್ಟು ರಿಪೇರಿ ಮಾಡಿಸಿಕೊಂಡವರಿಗೆ ಹಣ ಹಿಂದಿರುಗಿಸುವುದಾಗಿಯೂ ಹೇಳಿತು. ಇದಕ್ಕಾಗಿ ಲೆಕ್ಕದಲ್ಲಿ ತೆಗೆದಿರಿಸಿದ್ದು 105 ರಿಂದ 115 ಕೋಟಿ ಡಾಲರು.

ಆಗ ಆ ವಿಭಾಗದ ಮುಖ್ಯಸ್ಥರಲ್ಲಿ ಒಬ್ಬರಾಗಿದ್ದ ಪೀಟರ್ ಮೂರ್ ಎಂಬವರು ಬಹಳ ವರ್ಷಗಳ ಮೇಲೆ, 2015ರಲ್ಲಿ, ಈ ಲೆಕ್ಕದ ಒಂದು ಬಾಬನ್ನು ಬಿಡಿಸಿ ಹೇಳಿದರು. ಆ ಮೊತ್ತದಲ್ಲಿ ಸುಮಾರು 24 ಕೋಟಿ ಡಾಲರು ಕೊರಿಯರಿನವರಿಗೆ ಸಂದದ್ದು! ಕಂಪನಿಯೇ ಖಾಲಿ ಪೆಟ್ಟಿಗೆಯನ್ನು ಗಿರಾಕಿಯ ಮನೆಬಾಗಿಲಿಗೆ ಕಳುಹಿಸಿ, ಸತ್ತ ಯಂತ್ರವನ್ನು ಅದರಲ್ಲಿ ತರಿಸಿಕೊಂಡು, ಸರಿಪಡಿಸಿದ್ದನ್ನು ಮತ್ತೆ ಮುಟ್ಟಿಸುತ್ತಿತ್ತು. ಆಟಗಾರರು ಆ ಪೆಟ್ಟಿಗೆಯನ್ನು ‘ಶವಪೆಟ್ಟಿಗೆ’ ಎನ್ನುತ್ತಿದ್ದರು. ಒಟ್ಟು ವೆಚ್ಚದ ಐದರಲ್ಲೊಂದು ಪಾಲು ಬರಿಯ ಸಾಗಣೆಗೆ ಎಂದಾಯಿತು. ನಮ್ಮ ಮನೆಯ ಲೆಕ್ಕದಲ್ಲೂ ಐದರಲ್ಲೊಂದು ಪಾಲು ಬಂದಿತ್ತು. ಎರಡನ್ನೂ ಅಳೆದ ಬಗೆ ಬೇರೆಯಾದ್ದರಿಂದ ಈ ಹೊಂದಿಕೆಗೆ ಹೆಚ್ಚಿನ ಅರ್ಥ ಕಟ್ಟಬೇಕಾಗಿಲ್ಲ. ಕಾಣಬೇಕಾದದ್ದು ಬೇರೆ. ಈ ಖರ್ಚನ್ನು ಕಂಪನಿ ಹೊತ್ತಾಗ ಅದು ಕೋಟಿಗಳ ಅಂಕಿಯಾಗಿ ಒಂದು ಪುಸ್ತಕದಲ್ಲಿ ಕುಳಿತುಕೊಳ್ಳುತ್ತದೆ. ಆಡಳಿತ ಮಂಡಳಿ ಅದನ್ನು ನೋಡಿ ಬೆಚ್ಚುತ್ತದೆ, ಮುಂದಿನ ಯಂತ್ರದ ಬೆಸುಗೆಯನ್ನು ಗಟ್ಟಿ ಮಾಡಲು ಕಾರಣ ಸಿಗುತ್ತದೆ. ಅದೇ ಖರ್ಚನ್ನು ಗಿರಾಕಿಗಳು ಹೊತ್ತಾಗ ಅದು 380 ರೂಪಾಯಿಗಳಾಗಿ, ಅರ್ಧ ದಿನದ ರಜೆಗಳಾಗಿ ಲಕ್ಷ ಮನೆಗಳಲ್ಲಿ ಹರಡಿಹೋಗುತ್ತದೆ. ಒಟ್ಟು ಮೊತ್ತ ಇಳಿದಿರುವುದಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ್ದರಿಂದ ಯಾರೂ ಬೆಚ್ಚುವುದಿಲ್ಲ, ಅಷ್ಟೆ.

ಹೀಗೆ ಕೈಬಿಚ್ಚಿ ಖರ್ಚು ಮಾಡಿದ ಕಡೆಯೂ ಗಿರಾಕಿಗೆ ನಷ್ಟ ತಪ್ಪಲಿಲ್ಲ ಎಂಬುದು ಕತೆಯ ಇನ್ನೊಂದು ಮುಖ. ಸರಿಪಡಿಸಿ ಕಳುಹಿಸುವಾಗ ಅನೇಕ ವೇಳೆ ಬೇರೆಯ ಯಂತ್ರವನ್ನೇ ಕಳುಹಿಸುತ್ತಿದ್ದರು. ಅಂತರಜಾಲದ ಮೂಲಕ ಕೊಂಡು ಇಳಿಸಿಕೊಂಡಿದ್ದ ಆಟಗಳು ಹಳೆಯ ಯಂತ್ರದ ಗುರುತಿಗೆ ಕಟ್ಟುಬಿದ್ದಿದ್ದವು. ಹೊಸ ಯಂತ್ರದಲ್ಲಿ, ಕೊಂಡವನು ತನ್ನ ಹೆಸರಿನಿಂದ ಅಂತರಜಾಲಕ್ಕೆ ಸೇರಿಕೊಂಡಿರುವಷ್ಟು ಕಾಲ ಮಾತ್ರ ಅವು ತೆರೆದುಕೊಳ್ಳುತ್ತಿದ್ದವು. ಸಂಪರ್ಕ ಕಡಿದರೆ ಹಣ ಕೊಟ್ಟು ಕೊಂಡ ಆಟ ಅಪರಿಚಿತನಂತೆ ಬಾಗಿಲು ಮುಚ್ಚುತ್ತಿತ್ತು. 2008ರಲ್ಲಿ ಆ ಹಕ್ಕುಗಳನ್ನು ಹೊಸ ಯಂತ್ರಕ್ಕೆ ವರ್ಗಾಯಿಸುವ ಏರ್ಪಾಡನ್ನು ಮಾಡಿದರು.

ಅದೇ 2008ರಲ್ಲಿ ಒಬ್ಬ ಆಟಗಾರನ ಸಂಗತಿ ಪತ್ರಿಕೆಗಳಿಗೆ ಬಂತು. ಆಟಗಳನ್ನು ರಚಿಸಿದ ಕಲಾವಿದರಿಂದಲೇ ಆತ ತನ್ನ ಯಂತ್ರದ ಬಿಳಿಯ ಮೈಮೇಲೆ ಹಸ್ತಾಕ್ಷರ, ಚಿತ್ರಗಳನ್ನು ಬರೆಸಿಕೊಂಡಿದ್ದ. ಕೆಂಪು ದೀಪ ಬಂತು, ಯಂತ್ರ ದುರಸ್ತಿಗೆ ಹೋಯಿತು. ಹಿಂದಿರುಗಿದಾಗ ಅದರ ಮೈಯನ್ನು ಚೊಕ್ಕಟವಾಗಿ ಉಜ್ಜಿ ತೊಳೆದಿದ್ದರು. ದುರಸ್ತಿ ಮಾಡಿದವರ ಮೇಲೆ ನಾನು ಕೋಪಿಸಿಕೊಳ್ಳಲಾರೆ. ಕೊಳೆಯಾದದ್ದನ್ನು ಒರೆಸಿಕೊಡುವುದು ಅವರ ಕೆಲಸದಲ್ಲಿ ಸೇರಿತ್ತು. ಹಳೆಯ ಪುಸ್ತಕವನ್ನು ಹೊಸದಾಗಿ ರಟ್ಟು ಹಾಕಲು ಕೊಟ್ಟಾಗ, ಬೈಂಡಿನವನು ಅಂಚುಗಳನ್ನು ನೇರವಾಗಿ ಕತ್ತರಿಸಿ, ಗುರುಗಳು ಬದಿಯಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನೂ ಅದರೊಡನೆ ಕತ್ತರಿಸಿ ಕೊಡುವುದುಂಟಲ್ಲ, ಅಂಥದೇ ಪ್ರಾಮಾಣಿಕ ಅನಾಹುತವಿದು.

ಎಲ್ಲರ ಯಂತ್ರದ ಮೇಲೂ ಕಲಾವಿದರ ಸಹಿ ಇರುವುದಿಲ್ಲ. ಆದರೆ ಎಲ್ಲರ ಯಂತ್ರದ ಒಳಗೂ ಅವರವರ ಬರವಣಿಗೆ ಇರುತ್ತದೆ. ಆಡುವ ಹುಡುಗ ಎಲ್ಲಿಯವರೆಗೆ ಬಂದ, ಏನನ್ನು ಕಟ್ಟಿದ, ಯಾವ ಬಾಗಿಲುಗಳನ್ನು ತೆರೆದ ಎಂಬುದೆಲ್ಲ ಯಂತ್ರದ ನೆನಪಿನಲ್ಲಿ ದಾಖಲಾಗಿರುತ್ತದೆ. ಜಪಾನಿನ ನಿಂಟೆಂಡೊ ಕಂಪನಿ 2017ರಲ್ಲಿ ತಂದ ಸ್ವಿಚ್ ಎಂಬ ಯಂತ್ರದಲ್ಲಿ ಈ ದಾಖಲೆಗಳು ಯಂತ್ರದ ಒಳನೆನಪಿನಲ್ಲೇ ಇರುತ್ತವೆ. ಹೊರಗಿನಿಂದ ಹಾಕುವ ಕಾರ್ಡಿನಲ್ಲಿ ಅವನ್ನು ತೆಗೆದಿಟ್ಟುಕೊಳ್ಳುವಂತಿಲ್ಲ. ದೂರದ ಗಣಕಗಳಲ್ಲಿ ಪ್ರತಿ ಇರಿಸುವ ಸೌಲಭ್ಯ 2018ರ ಸೆಪ್ಟೆಂಬರಿನಲ್ಲಿ ಬಂತು, ಅದೂ ಚಂದಾ ಕೊಟ್ಟವರಿಗೆ. ಅದರಲ್ಲೂ ಎಲ್ಲ ಆಟಗಳೂ ಸೇರಲಿಲ್ಲ. 2020ರ ಮಾರ್ಚಿನಲ್ಲಿ, ಲೋಕವೆಲ್ಲ ಸೋಂಕಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, ಅನಿಮಲ್ ಕ್ರಾಸಿಂಗ್ ಎಂಬ ಆಟದ ಹೊಸ ಆವೃತ್ತಿ ಬಂತು. ಅದರಲ್ಲಿ ಗೆಲ್ಲುವುದು ಸೋಲುವುದು ಏನೂ ಇಲ್ಲ. ದಿನಕ್ಕಷ್ಟು ಗಿಡ ನೆಟ್ಟು, ಮನೆ ಕಟ್ಟಿ, ದ್ವೀಪವೊಂದನ್ನು ತನ್ನದಾಗಿ ಮಾಡಿಕೊಳ್ಳುವುದಷ್ಟೆ. ಆ ದ್ವೀಪಕ್ಕೆ ಪ್ರತಿ ಇರಿಸುವ ಏರ್ಪಾಡಾದದ್ದು ಜುಲೈ ಕೊನೆಯಲ್ಲಿ. ನಡುವಣ ನಾಲ್ಕು ತಿಂಗಳಲ್ಲಿ ಯಂತ್ರ ಕೆಟ್ಟು ಒಳನೆನಪು ಅಳಿದಿದ್ದರೆ ದ್ವೀಪವೂ ಹೋದಂತೆಯೇ. ಯಂತ್ರಕ್ಕೆ ವಾರಂಟಿ ಇರಬಹುದು, ದ್ವೀಪಕ್ಕೆ ಇರಲಿಲ್ಲ.

ಈ ಸ್ವಿಚ್ ಯಂತ್ರದ ಕಂಟ್ರೋಲರುಗಳಿಗೇ ತೇಲಾಟದ ಕಾಯಿಲೆ ಬಹುವಾಗಿ ತಗುಲಿದ್ದು. ಯುರೋಪಿನ ಬಳಕೆದಾರರ ಸಂಸ್ಥೆಗಳು ಸುಮಾರು 25,000 ದೂರುಗಳನ್ನು ಕಲೆಹಾಕಿ 2021ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ನಿನ ಮುಂದಿಟ್ಟವು. 2023ರ ಏಪ್ರಿಲಿನಲ್ಲಿ ನಿಂಟೆಂಡೊ ಕಂಪನಿ, ಯುರೋಪಿನ ಆ ದೇಶಗಳ ಮಟ್ಟಿಗೆ, ವಾರಂಟಿ ಮುಗಿದಿದ್ದರೂ ಸವೆತದಿಂದಲೇ ಬಂದದ್ದಾದರೂ ಈ ದೋಷವನ್ನು ಉಚಿತವಾಗಿ ಸರಿಪಡಿಸಿಕೊಡಲು ಒಪ್ಪಿತು. ದೋಷವೋ ಸವಕಳಿಯೋ ಎಂಬ ಆ ತರ್ಕ ಅಲ್ಲಿಗೆ ಮುಗಿಯಿತು.

ಅಲ್ಲಿ ‘ಉಚಿತ’ ಎಂಬ ಶಬ್ದಕ್ಕೆ ಶಾಸನವೇ ಅರ್ಥ ಹೇಳಿಬಿಟ್ಟಿದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಯುರೋಪಿನ ಒಕ್ಕೂಟದ 1999ರ ನಿರ್ದೇಶದಲ್ಲಿ, ಅದರ ಬದಲಿಗೆ ಬಂದ 2019ರ ನಿರ್ದೇಶದಲ್ಲಿಯೂ, ಉಚಿತ ದುರಸ್ತಿ ಎಂದರೆ ಸಾಗಣೆ, ಕೂಲಿ, ಸಾಮಗ್ರಿ ಇವುಗಳ ಖರ್ಚು ಬಳಕೆದಾರನ ಮೇಲೆ ಬೀಳಬಾರದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ದುರಸ್ತಿ ಯುಕ್ತವಾದ ಅವಧಿಯಲ್ಲಿ ಮುಗಿಯಬೇಕು, ಹೆಚ್ಚಿನ ಅನನುಕೂಲ ಉಂಟುಮಾಡಬಾರದು ಎಂಬ ಮಾತೂ ಇದೆ. ಸಂಸ್ಕೃತದ ‘ಉಚಿತ’ವೂ ಕನ್ನಡದ ‘ಉಚಿತ’ವೂ ಈ ಒಂದು ವಾಕ್ಯದಲ್ಲಿ ಕೈ ಹಿಡಿದುಕೊಂಡಿವೆ. ಅಮೆರಿಕದವರು ಇನ್ನೊಂದು ದಿಕ್ಕಿನಿಂದ ಬಂದರು. ‘ಈ ಚೀಟಿ ಹರಿದರೆ ವಾರಂಟಿ ರದ್ದು’ ಎಂದು ಯಂತ್ರದ ತಿರುಪಿನ ಮೇಲೆ ಅಂಟಿಸುವ ಪದ್ಧತಿ ಇದೆಯಷ್ಟೆ. ಅದು ತಮ್ಮಲ್ಲಿನ 1975ರ ವಾರಂಟಿ ಕಾಯಿದೆಗೆ ಒಪ್ಪುವುದಿಲ್ಲವೆಂದು ಅಲ್ಲಿನ ವ್ಯಾಪಾರ ಆಯೋಗ 2018ರ ಏಪ್ರಿಲಿನಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಕಳುಹಿಸಿತು. ಮೈಕ್ರೋಸಾಫ್ಟ್, ಸೋನಿ, ನಿಂಟೆಂಡೊ ಮೂರೂ ಆ ಪಟ್ಟಿಯಲ್ಲಿದ್ದವು. ಹತ್ತಿರದ ಬೀದಿಯ ರಿಪೇರಿಯವನ ಬಳಿಗೆ ಹೋಗದಂತೆ ಗಿರಾಕಿಯನ್ನು ತಡೆಯುತ್ತಿದ್ದದ್ದು ಬೆರಳುಗುರಿನಷ್ಟು ಅಗಲದ ಆ ಚೀಟಿ.

ನಮ್ಮಲ್ಲಿ ಇಷ್ಟು ಬಿಡಿಸಿ ಹೇಳಿದ ವಾಕ್ಯವಿಲ್ಲದಿದ್ದರೂ ದೂರದ ಕಷ್ಟಕ್ಕೆ ಒಂದು ಪರಿಹಾರ ಬಂದಿದೆ. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ, ಎದುರು ಪಕ್ಷದವರು ವ್ಯವಹರಿಸುವ ಊರಿನಲ್ಲಿ ಅಥವಾ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಊರಿನಲ್ಲಿ ದೂರು ಹೂಡಬೇಕಾಗಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆ, ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದೆಂದು ಮಾಡಿತು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂಬ ನಿರ್ಬಂಧವೂ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಸಾಗರದವನು ಬೆಂಗಳೂರಿಗೆ ಹೋಗುವ ಬದಲು ಬೆಂಗಳೂರಿನವರು ಶಿವಮೊಗ್ಗಕ್ಕೆ ಬಂದು ಉತ್ತರ ಹೇಳಬೇಕಾಗುತ್ತದೆ. ಸಾಗಣೆಯ ಖರ್ಚು, ಕಾದ ದಿನಗಳು, ಇವುಗಳ ಪರಿಹಾರವನ್ನೂ ದೂರಿನಲ್ಲಿ ಸೇರಿಸಿ ಕೇಳಲು ಅಡ್ಡಿಯಿಲ್ಲ. ಕೇಳುವವನ ಹತ್ತಿರ ಲೆಕ್ಕ ಇರಬೇಕು.

ಲೆಕ್ಕದ ಜೊತೆಗೆ ರಸೀದಿಯೂ ಬೇಕು. ಇಲ್ಲೊಂದು ವಿಚಿತ್ರ ಕೇಳಿ. ಈಗಿನ ಅಂಗಡಿಗಳಲ್ಲಿ ಕೊಡುವ ನುಣುಪಾದ ರಸೀದಿ ಶಾಯಿಯಿಂದ ಅಚ್ಚಾದದ್ದಲ್ಲ. ಶಾಖ ತಗುಲಿದಲ್ಲಿ ಕಪ್ಪಾಗುವ ರಾಸಾಯನಿಕವನ್ನು ಆ ಕಾಗದಕ್ಕೆ ಸವರಿರುತ್ತಾರೆ. ಬಿಸಿಲು, ಸೆಖೆ, ಪ್ಲಾಸ್ಟಿಕ್ಕಿನ ಚೀಲ ಇವುಗಳ ಸಹವಾಸದಲ್ಲಿ ಕೆಲವು ತಿಂಗಳಿಗೇ ಅಕ್ಷರಗಳು ಮಸುಕಾಗಿ ಬಿಳಿಯ ಹಾಳೆ ಉಳಿಯುತ್ತದೆ. ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಕೊರೆದ ದತ್ತಿಯ ಮಾತನ್ನು ಇಂದು ಓದಿ ಅರ್ಥ ಹೇಳಬಲ್ಲ ನಾವು, ಕಳೆದ ವರ್ಷ ಕೊಂಡ ವಸ್ತುವಿನ ತಾರೀಖನ್ನು ಓದಲಾರೆವು. ವಾರಂಟಿ ಇನ್ನೂ ಬದುಕಿರುವಾಗಲೇ ಅದಕ್ಕೆ ಸಾಕ್ಷಿಯಾಗಬೇಕಾದ ಕಾಗದ ಮರೆವಿಗೆ ಸಂದಿರುತ್ತದೆ.

ಆದ್ದರಿಂದ ಕೊಂಡ ದಿನವೇ ರಸೀದಿಯ ನೆರಳಚ್ಚು ತೆಗೆಸಿ, ಇಲ್ಲವೆ ಫೋನಿನಲ್ಲಿ ಚಿತ್ರ ಹಿಡಿದು ಇಟ್ಟುಕೊಳ್ಳುವುದು ಕ್ಷೇಮ. ಪೆಟ್ಟಿಗೆಯನ್ನೂ ಅದರೊಳಗಿನ ಅಚ್ಚುಗಳನ್ನೂ ಅಟ್ಟದ ಮೇಲೆ ಹಾಕಿಡಿ. ಕೊಳ್ಳುವ ಮೊದಲು ಅಂಗಡಿಯವರನ್ನು ಎರಡೇ ಪ್ರಶ್ನೆ ಕೇಳಿ: ಸೇವಾಕೇಂದ್ರ ಯಾವ ಊರಿನಲ್ಲಿದೆ, ಅಲ್ಲಿಗೆ ಮುಟ್ಟಿಸುವ ಖರ್ಚು ಯಾರದು. ಹೊರದೇಶದಿಂದ ಯಾರೋ ತಂದು ಮಾರಿದ ಯಂತ್ರವಾದರೆ, ಪೆಟ್ಟಿಗೆಯ ಮೇಲಿನ ವಾರಂಟಿ ಈ ದೇಶದಲ್ಲಿ ನಡೆಯುತ್ತದೆಯೇ ಎಂದೂ ಕೇಳಬೇಕು. ದುರಸ್ತಿಗೆ ಕಳುಹಿಸುವ ಮುನ್ನ ಮಕ್ಕಳನ್ನು ಕೂರಿಸಿಕೊಂಡು, ಒಳಗೆ ಅವರು ಕಟ್ಟಿದ್ದೇನಿದೆ, ಅದನ್ನು ಬೇರೆಡೆ ಬರೆದಿಡಲು ಬರುತ್ತದೆಯೇ ಎಂದು ವಿಚಾರಿಸಿ. ಇದಕ್ಕೆ ಉತ್ತರ ಅಂಗಡಿಯವರಿಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತಿರುತ್ತದೆ.